ಕೈ ಎತ್ತದ ಮಕ್ಕಳಿಗೂ ಒಂದು ಪಾಠ

ಯಾವ ಶಾಲೆಗಾದರೂ ಹೋಗಿ, ಏಳನೇ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಒಂದು ಪೀರಿಯಡ್ ಕೂತು ನೋಡಿ. ಮೇಷ್ಟ್ರು ಪ್ರಶ್ನೆ ಕೇಳುತ್ತಾರೆ. ಪ್ರಶ್ನೆ ಪೂರ್ತಿ ಬಾಯಿಂದ ಹೊರಬರುವ ಮೊದಲೇ ಮುಂದಿನ ಸಾಲಿನಿಂದ ಮೂರ್ನಾಲ್ಕು ಕೈಗಳು ‘ಸಾರ್ ನಾನು, ಸಾರ್ ನಾನು’ ಎಂದು ಎದ್ದಿರುತ್ತವೆ. ಅವರಲ್ಲೊಬ್ಬ ಉತ್ತರ ಹೇಳುತ್ತಾನೆ. ‘ವೆರಿಗುಡ್, ಕೂತ್ಕೋ. ಎಲ್ಲಾರಿಗೂ ಅರ್ಥ ಆಯ್ತಾ?’ ‘ಆಯ್ತು ಸಾ...ರ್’ ಎಂದು ಇಡೀ ಕ್ಲಾಸು ರಾಗ ಎಳೆಯುತ್ತದೆ. ಪಾಠ ಮುಂದಕ್ಕೆ ಹೋಗುತ್ತದೆ. ಬೆಲ್ ಹೊಡೆಯುವ ಹೊತ್ತಿಗೆ ಲೆಕ್ಕ ಹಾಕಿದರೆ, ಮಾತುಕತೆ ನಡೆದದ್ದು ಮೇಷ್ಟ್ರಿಗೂ ಆ ನಾಲ್ವರಿಗೂ ನಡುವೆ. ಉಳಿದವರೆಲ್ಲ ಸಭಿಕರು.

ಆ ಸಭಿಕರಲ್ಲಿ ಒಬ್ಬಳಿಗೆ ಉತ್ತರ ಗೊತ್ತಿತ್ತು. ಆದರೆ ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡು, ಸರಿ ಅನ್ನಿಸಿದ ಮೇಲಷ್ಟೇ ಕೈ ಎತ್ತುವುದು ಅವಳ ರೂಢಿ. ಅಷ್ಟರಲ್ಲಿ ಪ್ರಶ್ನೆ ಮುಗಿದುಹೋಯಿತು. ಒಬ್ಬನಿಗೆ ಅರ್ಧ ಗೊತ್ತಿತ್ತು. ತಪ್ಪಿದರೆ ಪಕ್ಕದವರು ನಗುತ್ತಾರೆಂದು ಪುಸ್ತಕದೊಳಗೆ ಮುಖ ಹುದುಗಿಸಿದ. ಇನ್ನೊಬ್ಬನಿಗೆ ಏನೇನೂ ಗೊತ್ತಿರಲಿಲ್ಲ, ಆದರೂ ಕೈ ಎತ್ತಿದ್ದ. ತಲೆ ತಗ್ಗಿಸಿದವರನ್ನೇ ಮೇಷ್ಟ್ರು ಎಬ್ಬಿಸುತ್ತಾರೆ, ಕೈ ಎತ್ತಿದವರನ್ನು ಬಿಡುತ್ತಾರೆ ಎಂಬ ಲೆಕ್ಕಾಚಾರ ಅವನಿಗೆ ಕರಗತ. ಮತ್ತೊಬ್ಬಳಿಗೆ ಪ್ರಶ್ನೆಯ ಮೇಲೇ ಒಂದು ಪ್ರಶ್ನೆ ಇತ್ತು. ಕಳೆದ ವಾರ ಹಾಗೆ ಕೇಳಿ ‘ಅಧಿಕಪ್ರಸಂಗಿ’ ಅನ್ನಿಸಿಕೊಂಡಿದ್ದರಿಂದ ಇವತ್ತು ಸುಮ್ಮನಿದ್ದಳು.

ಇವರನ್ನೆಲ್ಲ ಕರೆಯಲು ಸ್ಟಾಫ್ ರೂಮಿನಲ್ಲಿ ನಾಲ್ಕೈದು ಪದಗಳು ಸಿದ್ಧವಾಗಿರುತ್ತವೆ. ಚುರುಕು, ಮಂದ, ತುಂಟ, ಪಾಪದ ಹುಡುಗಿ, ವಾಚಾಳಿ. ಪಾಲಕರ ಸಭೆಯಲ್ಲಿ ಅಪ್ಪ ಅಮ್ಮಂದಿರ ಮುಂದೆ ಉದುರುವುದೂ ಇವೇ. ಮಗುವಿನ ಸ್ವಭಾವವನ್ನೂ ಬುದ್ಧಿಯನ್ನೂ ಒಂದೇ ತಕ್ಕಡಿಗೆ ಹಾಕುವ ಅಭ್ಯಾಸ ನಮಗೆ ಎಷ್ಟು ಹಳೆಯದೆಂದರೆ, ಬೇಗ ಬಾಯಿ ಬಿಡುವವರೇ ಬುದ್ಧಿವಂತರು ಎಂಬುದನ್ನು ಯಾರೂ ಪ್ರಶ್ನಿಸುವುದೇ ಇಲ್ಲ.

ಇದನ್ನು ಕೂತು ಅಳೆದವರಿದ್ದಾರೆ. ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಎಂಬ ಮನೋವೈದ್ಯ ದಂಪತಿ 1956ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಅಧ್ಯಯನ ಶುರುಮಾಡಿದರು. ಹಸುಗೂಸುಗಳಾಗಿದ್ದಾಗಿನಿಂದ ಹಿಡಿದು 133 ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನ ಅದು. ಹೊಸ ತಿಂಡಿ ಬಾಯಿಗಿಟ್ಟರೆ ಮಗು ಏನು ಮಾಡುತ್ತದೆ, ಹೊಸಬರು ಎತ್ತಿಕೊಂಡರೆ ಅಳುತ್ತದೆಯೋ ನಗುತ್ತದೆಯೋ, ಒಂದು ಆಟಕ್ಕೆ ಎಷ್ಟು ಹೊತ್ತು ಅಂಟಿಕೊಳ್ಳುತ್ತದೆ ಎಂಬಂಥ ಸಣ್ಣ ಸಂಗತಿಗಳನ್ನು ಅವರು ತಾಯಂದಿರಿಂದ ಕೇಳಿ ಬರೆದುಕೊಂಡರು. ಕೊನೆಗೆ ಮೂರು ಬಗೆ ಕಂಡವು. ಸುಮಾರು 40 ಶೇಕಡಾ ಮಕ್ಕಳು ಸಲೀಸಾಗಿ ಹೊಂದಿಕೊಳ್ಳುವವರು. ಸುಮಾರು 10 ಶೇಕಡಾ ರೇಗಾಡುವ, ಹಟದ, ಸಂಭಾಳಿಸಲು ಕಷ್ಟವಾದ ಮಕ್ಕಳು. ಸುಮಾರು 15 ಶೇಕಡಾ ಹೊಸದರ ಮುಂದೆ ಮೊದಲು ಹಿಂಜರಿದು, ಒತ್ತಾಯ ಮಾಡದೆ ಬಿಟ್ಟರೆ ನಿಧಾನಕ್ಕೆ ಹತ್ತಿರ ಬರುವವರು.

ಕೂಡಿಸಿ ನೋಡಿ. 65 ಆಯಿತು. ಉಳಿದ 35 ಶೇಕಡಾ ಮಕ್ಕಳು ಯಾವ ಗುಂಪಿಗೂ ಸೇರಲಿಲ್ಲ. ಮಕ್ಕಳನ್ನು ಇಷ್ಟು ಹತ್ತಿರದಿಂದ ನೋಡಿದವರೇ ಮೂರರಲ್ಲಿ ಒಂದು ಪಾಲಿಗೆ ಹೆಸರಿಡಲಾಗದೆ ಬಿಟ್ಟರು. ‘ನಮ್ಮ ಕ್ಲಾಸಿನ ಮಕ್ಕಳು ನಾಲ್ಕು ಟೈಪು’ ಎಂದು ಯಾರಾದರೂ ತರಬೇತಿಯಲ್ಲಿ ಸ್ಲೈಡ್ ತೋರಿಸಿದರೆ ನನಗೆ ಈ 35 ನೆನಪಾಗುತ್ತದೆ.

ಇದೇ ಥಾಮಸ್ 1967ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಇನ್ನೊಂದು ಕೆಲಸ ಮಾಡಿದರು. ಶಿಶುವಿಹಾರದ ಶಿಕ್ಷಕಿಯರಿಂದ ಮಕ್ಕಳ ಬುದ್ಧಿಮತ್ತೆಯ ಅಂದಾಜು ಕೇಳಿ, ಅದನ್ನು ನಿಜವಾದ ಪರೀಕ್ಷೆಯ ಫಲಿತಾಂಶದ ಪಕ್ಕದಲ್ಲಿಟ್ಟರು. ಹೊಸ ಚಟುವಟಿಕೆಗೆ ಧುಮುಕುವ ಮಕ್ಕಳನ್ನು ಶಿಕ್ಷಕಿಯರು ಇದ್ದುದಕ್ಕಿಂತ ಜಾಣರೆಂದೂ, ಅಂಚಿನಲ್ಲಿ ನಿಂತು ನೋಡುವವರನ್ನು ಇದ್ದುದಕ್ಕಿಂತ ದಡ್ಡರೆಂದೂ ಎಣಿಸಿದ್ದರು. ಥಾಮಸ್–ಚೆಸ್ ದಂಪತಿ ತಮ್ಮ ಬರಹಗಳಲ್ಲಿ ಮತ್ತೆ ಮತ್ತೆ ಹೇಳಿದ್ದು ಒಂದು ಮಾತು: ಮಗುವಿನ ಸ್ವಭಾವ ತನ್ನಷ್ಟಕ್ಕೆ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ, ಸುತ್ತಲಿನವರು ಅದರಿಂದ ಬಯಸುವುದಕ್ಕೂ ಅದಕ್ಕೂ ತಾಳೆಯಾಗುತ್ತದೆಯೇ ಎಂಬುದೇ ಮುಖ್ಯ.

ತಾಳೆ ಮಾಡುವುದು ಹೇಗೆ? ಇಲ್ಲಿಂದ ದಾರಿ ಎರಡಾಗಿ ಕವಲೊಡೆಯುತ್ತದೆ. ಒಂದು, ಮಗುವಿನ ನಮೂನೆ ಯಾವುದೆಂದು ಪತ್ತೆಹಚ್ಚಿ, ಅದಕ್ಕೆ ತಕ್ಕ ಪಾಠ ಕೊಡುವುದು. ಇನ್ನೊಂದು, ಪಾಠವನ್ನೇ ಬೇರೆ ಬೇರೆ ಸ್ವಭಾವದವರು ಒಳಗೆ ಬರುವ ಹಾಗೆ ಕಟ್ಟುವುದು. ಮೊದಲನೆಯದಕ್ಕೆ ದೊಡ್ಡ ಮಾರುಕಟ್ಟೆ ಇದೆ. ನನ್ನ ಒಲವು ಎರಡನೆಯದರ ಕಡೆಗೆ.

ಮಾರುಕಟ್ಟೆಯ ಮಾತನ್ನು ಮೊದಲು ಮುಗಿಸಿಬಿಡೋಣ.

ಕಾರ್ಪೊರೇಟ್ ಕಂಪನಿಗಳಲ್ಲಿ ಕೆಲಸ ಮಾಡುವವರು ‘ಎಂಬಿಟಿಐ’ ಹೆಸರು ಕೇಳಿರುತ್ತಾರೆ. ಮನುಷ್ಯರನ್ನು 16 ನಮೂನೆಯಾಗಿ ವಿಂಗಡಿಸುವ ಪ್ರಶ್ನಾವಳಿ ಅದು. ಸ್ವಿಸ್ ಮನೋವಿಜ್ಞಾನಿ ಕಾರ್ಲ್ ಯೂಂಗ್ 1921ರಲ್ಲಿ ಪ್ರಕಟಿಸಿದ ವ್ಯಕ್ತಿತ್ವದ ಬಗೆಗಳ ವಿಚಾರವನ್ನು ಎತ್ತಿಕೊಂಡು, ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಆಕೆಯ ಮಗಳು ಇಸಾಬೆಲ್ ಮೈಯರ್ಸ್ ಇದನ್ನು ರೂಪಿಸಿದರು. ಇಬ್ಬರೂ ಮನೋವಿಜ್ಞಾನದಲ್ಲಿ ತರಬೇತಾದವರಲ್ಲ. ಅದು ದೊಡ್ಡ ತಕರಾರಲ್ಲ ಬಿಡಿ. ಹೊರಗಿನವರೂ ಒಳ್ಳೆಯ ಕೆಲಸ ಮಾಡುತ್ತಾರೆ. ನಿಜವಾದ ತಕರಾರೆಂದರೆ, ಇದೇ ಪ್ರಶ್ನಾವಳಿಯನ್ನು ಕೆಲವು ವಾರ ಬಿಟ್ಟು ಮತ್ತೆ ತುಂಬಿದರೆ ಸಾಕಷ್ಟು ಜನರ ನಮೂನೆಯೇ ಬದಲಾಗುತ್ತದೆ. ಅಂತರ್ಮುಖಿ–ಬಹಿರ್ಮುಖಿ ಎಂಬುದು ಎರಡು ಕೋಣೆಗಳಲ್ಲ, ಒಂದು ಉದ್ದನೆಯ ಸಾಲು. ಹೆಚ್ಚಿನವರು ನಡುವೆ ನಿಂತಿರುತ್ತಾರೆ. ನಡುವೆ ನಿಂತವರನ್ನು ಗೆರೆ ಎಳೆದು ಆಚೆಗೋ ಈಚೆಗೋ ತಳ್ಳಿದರೆ, ಮುಂದಿನ ಸಲ ಅವರು ಗೆರೆಯ ಇನ್ನೊಂದು ಬದಿಗೆ ಕಾಣಿಸಿಕೊಳ್ಳುವುದು ಸಹಜ.

ಶಾಲೆಗಳೊಳಗೆ ಇದಕ್ಕಿಂತ ಆಳಕ್ಕೆ ಇಳಿದಿರುವುದು ‘ಕಲಿಕಾ ಶೈಲಿ’ಯ ನಂಬಿಕೆ. ಕೆಲವರು ನೋಡಿ ಕಲಿಯುವವರು, ಕೆಲವರು ಕೇಳಿ ಕಲಿಯುವವರು, ಕೆಲವರು ಮಾಡಿ ಕಲಿಯುವವರು. ಅವರವರ ಶೈಲಿಯಲ್ಲಿ ಕಲಿಸಿದರೆ ಚೆನ್ನಾಗಿ ಹತ್ತುತ್ತದೆ ಎಂಬ ಮಾತು. ಬಿ.ಎಡ್. ನೋಟ್ಸಿನಲ್ಲೂ ಇದು ಸಿಗುತ್ತದೆ. 2012ರಲ್ಲಿ ಬ್ರಿಟನ್ ಮತ್ತು ನೆದರ್ಲೆಂಡ್ಸ್‌ನ ಶಿಕ್ಷಕರನ್ನು ಕೇಳಿದಾಗ 90 ಶೇಕಡಾಕ್ಕೂ ಹೆಚ್ಚು ಮಂದಿ ಇದನ್ನು ನಂಬಿದ್ದರು. ಆದರೆ 2008ರಲ್ಲೇ ಹೆರಾಲ್ಡ್ ಪ್ಯಾಷ್ಲರ್ ಮತ್ತು ಸಂಗಡಿಗರು ಇದರ ಹಿಂದಿನ ಸಂಶೋಧನೆಗಳನ್ನೆಲ್ಲ ಜಾಲಾಡಿದ್ದರು. ನೋಡಿ ಕಲಿಯುವವನಿಗೆ ಚಿತ್ರದಲ್ಲಿ, ಕೇಳಿ ಕಲಿಯುವವನಿಗೆ ಮಾತಿನಲ್ಲಿ ಕಲಿಸಿದ್ದರಿಂದ ಫಲಿತಾಂಶ ಸುಧಾರಿಸಿತು ಎನ್ನಲು ತಕ್ಕ ಪುರಾವೆ ಅವರಿಗೆ ಸಿಗಲಿಲ್ಲ. ಅದಕ್ಕೂ ಮೊದಲು, 2004ರಲ್ಲಿ, ಬ್ರಿಟನ್ನಿನ ಫ್ರಾಂಕ್ ಕಾಫೀಲ್ಡ್ ತಂಡ ಲೆಕ್ಕ ಹಾಕಿದಾಗ ಕಲಿಕಾ ಶೈಲಿಯ ಮಾದರಿಗಳೇ 71 ಇದ್ದವು. ಮಕ್ಕಳಿಗಿಂತ ಶೈಲಿಗಳೇ ಹೆಚ್ಚು ಎಂಬ ಪರಿಸ್ಥಿತಿ.

ಇದು ನಮ್ಮ ಸಾಮಾನ್ಯ ಅನುಭವಕ್ಕೂ ಒಪ್ಪುವ ಮಾತೇ. ಕರ್ನಾಟಕದ ನಕ್ಷೆಯಲ್ಲಿ ಕೃಷ್ಣಾ ನದಿ ಎಲ್ಲಿ ಹರಿಯುತ್ತದೆಂದು ಎಲ್ಲರೂ ನೋಡಿಯೇ ಕಲಿಯಬೇಕು. ರಗಳೆಯ ಲಯವನ್ನು ಎಲ್ಲರೂ ಕೇಳಿಯೇ ಕಲಿಯಬೇಕು. ಸೈಕಲ್ಲನ್ನು ಎಲ್ಲರೂ ಬಿದ್ದೇ ಕಲಿಯಬೇಕು. ಪಾಠದ ರೀತಿಯನ್ನು ತೀರ್ಮಾನಿಸುವುದು ಕಲಿಯುವ ವಿಷಯ, ಮಗುವಿನ ಹಣೆಪಟ್ಟಿಯಲ್ಲ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ, ಈಗೀಗ ಜಿಲ್ಲಾ ಕೇಂದ್ರಗಳಲ್ಲೂ, ಇದರ ಮುಂದಿನ ಅವತಾರ ಕಾಣಿಸುತ್ತಿದೆ. ಮಗುವಿನ ಹತ್ತೂ ಬೆರಳ ಅಚ್ಚು ತೆಗೆದುಕೊಂಡು ಅವನ ಬುದ್ಧಿ ಯಾವ ಬಗೆಯದು, ಯಾವ ಕೋರ್ಸಿಗೆ ಸೇರಿಸಬೇಕು ಎಂದು ಬಣ್ಣಬಣ್ಣದ ರಿಪೋರ್ಟು ಕೊಡುವ ‘ಡಿಎಂಐಟಿ’ ಪರೀಕ್ಷೆ. ಸಾವಿರಗಟ್ಟಲೆ ರೂಪಾಯಿ ಎಣಿಸುವ ಪಾಲಕರು ಓದಿದವರೇ. ಬೆರಳ ಗೆರೆಗೂ ಕಲಿಕೆಗೂ ಗಂಟು ಹಾಕುವ ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಬಹುಬುದ್ಧಿಗಳ ವಿಚಾರವನ್ನು 1983ರಲ್ಲಿ ಮುಂದಿಟ್ಟ ಹಾವರ್ಡ್ ಗಾರ್ಡ್ನರ್ ಅವರ ಹೆಸರನ್ನು ಇದರ ಜೊತೆ ಎಳೆದು ತರಲಾಗುತ್ತದೆ. ತನ್ನ ವಿಚಾರವನ್ನು ಕಲಿಕಾ ಶೈಲಿಯೊಂದಿಗೆ ಕಲಸಬೇಡಿ ಎಂದು ಅವರೇ ಬರೆದಿದ್ದಾರೆ. ಜಾತಕ ಬರೆಸುವವರಿಗಾದರೂ ತಾವು ನಂಬಿಕೆಯ ಮೇಲೆ ದುಡ್ಡು ಹಾಕುತ್ತಿದ್ದೇವೆ ಎಂಬ ಅರಿವು ಇರುತ್ತದೆ.

ಹಾಗಾದರೆ ವ್ಯಕ್ತಿತ್ವದ ವ್ಯತ್ಯಾಸ ಎಂಬುದೇ ಸುಳ್ಳೇ? ಅಲ್ಲ. ಎರಡು ಮಕ್ಕಳನ್ನು ಹೆತ್ತ ಯಾವ ತಾಯಿಯೂ ಅದನ್ನು ಒಪ್ಪಲಾರಳು. ಮನೋವಿಜ್ಞಾನಿಗಳು ಈಗ ಹೆಚ್ಚಾಗಿ ಬಳಸುವುದು ಐದು ಗುಣಗಳ ಅಳತೆಯನ್ನು: ಹೊಸತನ್ನು ಬಯಸುವ ಗುಣ, ಅಚ್ಚುಕಟ್ಟುತನ, ಬಹಿರ್ಮುಖತೆ, ಹೊಂದಾಣಿಕೆ, ಆತಂಕ. ಇಲ್ಲಿ ಕೋಣೆಗಳಿಲ್ಲ, ಪ್ರತಿಯೊಬ್ಬರಲ್ಲೂ ಐದೂ ಇವೆ, ಹೆಚ್ಚುಕಡಿಮೆ ಪ್ರಮಾಣದಲ್ಲಿ. ಆಸ್ಟ್ರೇಲಿಯಾದ ಆರ್ಥರ್ ಪೊರೊಪ್ಯಾಟ್ 2009ರಲ್ಲಿ 70 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಮಾಹಿತಿಯನ್ನು ಒಟ್ಟು ಮಾಡಿ, ಈ ಗುಣಗಳಿಗೂ ಅಂಕಗಳಿಗೂ ಏನು ನಂಟು ಎಂದು ನೋಡಿದರು. ಅಂಕದ ಜೊತೆ ಗಟ್ಟಿಯಾಗಿ ಅಂಟಿಕೊಂಡದ್ದು ಅಚ್ಚುಕಟ್ಟುತನ: ಹೋಂವರ್ಕ್ ಹೊತ್ತಿಗೆ ಮುಗಿಸುವುದು, ಬಿಟ್ಟ ಲೆಕ್ಕವನ್ನು ಮತ್ತೆ ಮಾಡುವುದು. ಬಹಿರ್ಮುಖತೆಗೂ ಅಂಕಕ್ಕೂ ಒಟ್ಟು ಲೆಕ್ಕದಲ್ಲಿ ಸಂಬಂಧವೇ ಇಲ್ಲವೆನ್ನುವಷ್ಟು ಕಡಿಮೆ. ಕೈ ಎತ್ತುವ ಆ ನಾಲ್ವರ ಬಗ್ಗೆ ನಮಗಿರುವ ಭರವಸೆ ಎಲ್ಲಿಂದ ಬಂತು ಎಂದು ಕೇಳಿಕೊಳ್ಳಲು ಇಷ್ಟು ಸಾಕು.

ಪಾಠದ ವಿಧಾನಕ್ಕೂ ಸ್ವಭಾವಕ್ಕೂ ನಂಟು ಹುಡುಕಿದವರಲ್ಲಿ ಲೀ ಕ್ರಾನ್‌ಬಾಕ್ ದೊಡ್ಡ ಹೆಸರು. ಯಾವ ವಿದ್ಯಾರ್ಥಿಗೆ ಯಾವ ವಿಧಾನ ಎಂಬ ಪ್ರಶ್ನೆಯನ್ನು ಅವರು 1957ರಲ್ಲಿ ಎತ್ತಿದರು. ಎರಡು ದಶಕ ಅದರ ಬೆನ್ನು ಹತ್ತಿ, ರಿಚರ್ಡ್ ಸ್ನೋ ಜೊತೆ 1977ರಲ್ಲಿ ದಪ್ಪ ಪುಸ್ತಕ ಬರೆದರು. ಫಲ ನಿರಾಸೆಯದು. ಒಂದು ಶಾಲೆಯಲ್ಲಿ ಕಂಡ ನಂಟು ಇನ್ನೊಂದು ಶಾಲೆಯಲ್ಲಿ ಮಾಯವಾಗುತ್ತಿತ್ತು. ಆದರೂ ಆ ರಾಶಿಯಲ್ಲಿ ಒಂದೆರಡು ಕಾಳು ಗಟ್ಟಿಯಾಗಿ ಉಳಿದವು. ಹಿಂದಿನ ತಿಳಿವಳಿಕೆ ಕಡಿಮೆ ಇರುವವರಿಗೆ, ಬೇಗ ಆತಂಕಗೊಳ್ಳುವವರಿಗೆ ಹೆಜ್ಜೆಹೆಜ್ಜೆಯಾಗಿ ಕೈಹಿಡಿದು ನಡೆಸುವ ಪಾಠ ಒಳ್ಳೆಯದು. ವಿಷಯದಲ್ಲಿ ಆಗಲೇ ಕಾಲೂರಿದವರಿಗೆ ಅದೇ ಪಾಠ ಬೇಸರ ತರಿಸುತ್ತದೆ, ಕೆಲವೊಮ್ಮೆ ಅಡ್ಡಿಯೂ ಆಗುತ್ತದೆ, ಅವರನ್ನು ಬಿಡಬೇಕು.

ಇದನ್ನು ಒಂದು ಲೆಕ್ಕದಲ್ಲಿ ನೋಡೋಣ. ಶೇಕಡಾ ಪಾಠ. 800 ರೂಪಾಯಿಯ ಶರ್ಟಿಗೆ 15 ಶೇಕಡಾ ರಿಯಾಯಿತಿ, ಎಷ್ಟು ಕೊಡಬೇಕು? ಆತಂಕದ ಮಗುವಿಗೆ ಬೋರ್ಡಿನ ಮೇಲೆ ಪೂರ್ತಿ ಬಿಡಿಸಿದ ಒಂದು ಲೆಕ್ಕ ಬೇಕು. ಅದರ ಕೆಳಗೆ ಕೊನೆಯ ಒಂದು ಹೆಜ್ಜೆ ಮಾತ್ರ ಬಿಟ್ಟ ಇನ್ನೊಂದು. ಅದರ ಕೆಳಗೆ ಎರಡು ಹೆಜ್ಜೆ ಬಿಟ್ಟ ಮತ್ತೊಂದು. ಪ್ರತಿ ಸಲವೂ ತಾನೇ ಮುಗಿಸಿದೆ ಎಂಬ ಧೈರ್ಯ ಸಿಗುತ್ತದೆ. ‘ನೀನೇ ಯೋಚಿಸು ನೋಡೋಣ’ ಎಂದು ಅವನನ್ನು ಬೋರ್ಡಿನ ಮುಂದೆ ನಿಲ್ಲಿಸಿದರೆ ಅವನು ಶೇಕಡಾ ಬಗ್ಗೆ ಯೋಚಿಸುವುದಿಲ್ಲ, ಬೆನ್ನ ಹಿಂದಿರುವವರ ಬಗ್ಗೆ ಯೋಚಿಸುತ್ತಾನೆ.

ಇನ್ನು ಪ್ರಶ್ನೆ ಮುಗಿಯುವ ಮೊದಲೇ ‘680 ಸಾರ್!’ ಎಂದು ಕೂಗುವ ಹುಡುಗ. ಅವನಿಗೆ ಅದೇ ನಮೂನೆಯ ಇನ್ನೈದು ಲೆಕ್ಕ ಕೊಟ್ಟರೆ ಎರಡೇ ನಿಮಿಷದಲ್ಲಿ ಮುಗಿಸಿ ಪಕ್ಕದವನ ಚೀಲಕ್ಕೆ ಕೈ ಹಾಕುತ್ತಾನೆ. ಅವನಿಗೆ ಲೆಕ್ಕವನ್ನು ತಿರುಗಿಸಿ ಕೊಡಬೇಕು. ‘ರಿಯಾಯಿತಿ ಕಳೆದು 680 ಕೊಟ್ಟೆ. ರಿಯಾಯಿತಿ 15 ಶೇಕಡಾ. ಮೊದಲ ಬೆಲೆ ಮರೆತುಹೋಯಿತು, ಹೇಳು.’ ನೂರಕ್ಕೆ ನೂರು ಅವನು 680ರ 15 ಶೇಕಡಾ ತೆಗೆದು, 102 ಕೂಡಿಸಿ, ‘782’ ಎನ್ನುತ್ತಾನೆ. ತಪ್ಪು ಎಂದು ಹೇಳಬೇಕಾಗಿಲ್ಲ. ‘782ಕ್ಕೇ ರಿಯಾಯಿತಿ ಹಾಕಿ ನೋಡು’ ಎಂದರೆ ಸಾಕು. 664 ರೂಪಾಯಿ ಚಿಲ್ಲರೆ ಬಂದಾಗ ಅವನ ಮುಖ ನೋಡಬೇಕು. ಅವಸರದ ಮಗುವಿಗೆ ನಿಧಾನ ಮಾಡು ಎಂಬ ಉಪದೇಶ ಹತ್ತುವುದಿಲ್ಲ. ಅವಸರವೇ ಕೈಕೊಡುವ ಲೆಕ್ಕ ಹತ್ತುತ್ತದೆ.

ಗಮನಿಸಿ, ಇಬ್ಬರಿಗೂ ಪಾಠ ಒಂದೇ, ವಿಷಯ ಒಂದೇ, ತಲುಪಬೇಕಾದ ಜಾಗವೂ ಒಂದೇ. ಬದಲಾದದ್ದು ಆಸರೆಯ ಪ್ರಮಾಣ. ಯಾರ ಬೆರಳ ಅಚ್ಚೂ ಬೇಕಾಗಲಿಲ್ಲ. ಇಬ್ಬರ ನೋಟ್‌ಬುಕ್ ನೋಡಿದ್ದರೆ ಸಾಕಿತ್ತು.

ಆಸರೆಗಿಂತಲೂ ಅಗ್ಗದ ಸಾಧನ ಒಂದಿದೆ, ಸಮಯ. ಮೇರಿ ಬಡ್ ರೋ ಎಂಬ ಅಮೆರಿಕದ ವಿಜ್ಞಾನ ಶಿಕ್ಷಣ ತಜ್ಞೆ ಪ್ರಾಥಮಿಕ ಶಾಲೆಗಳ ಪಾಠಗಳನ್ನು ಟೇಪ್ ಮಾಡಿಕೊಂಡು, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಎಷ್ಟು ಹೊತ್ತು ಕಾಯುತ್ತಾರೆಂದು ಅಳೆದರು. ಸರಾಸರಿ ಒಂದು ಸೆಕೆಂಡು. ಅಷ್ಟರಲ್ಲಿ ಉತ್ತರ ಬರದಿದ್ದರೆ ಶಿಕ್ಷಕರು ತಾವೇ ಹೇಳುತ್ತಿದ್ದರು, ಇಲ್ಲವೇ ಇನ್ನೊಬ್ಬರತ್ತ ತಿರುಗುತ್ತಿದ್ದರು. ಆ ಒಂದನ್ನು ಮೂರು ಸೆಕೆಂಡಿಗೆ ಏರಿಸಲು ಕೆಲವರಿಗೆ ತರಬೇತಿ ಕೊಟ್ಟಾಗ ಆದ ಬದಲಾವಣೆಯನ್ನು ಅವರು 1974ರಲ್ಲಿ ಪ್ರಕಟಿಸಿದರು. ಮಕ್ಕಳ ಉತ್ತರ ಉದ್ದವಾಯಿತು. ‘ಗೊತ್ತಿಲ್ಲ’ ಕಡಿಮೆಯಾಯಿತು. ಶಿಕ್ಷಕರು ನಿಧಾನಿಗಳೆಂದು ಬದಿಗಿಟ್ಟಿದ್ದ ಮಕ್ಕಳ ಬಾಯಿಂದ ಹೆಚ್ಚು ಮಾತು ಬಂತು. ಅಷ್ಟೇ ಅಲ್ಲ, ಆ ಮಕ್ಕಳ ಬಗ್ಗೆ ಶಿಕ್ಷಕರ ಅಭಿಪ್ರಾಯವೂ ಬದಲಾಗತೊಡಗಿತು.

ಮೂರು ಸೆಕೆಂಡು ಎಂದರೆ ಏನೂ ಅಲ್ಲ ಅನ್ನಿಸಬಹುದು. ಕ್ಲಾಸಿನಲ್ಲಿ ನಿಂತು ಪ್ರಶ್ನೆ ಕೇಳಿ, ಬಾಯಿ ಮುಚ್ಚಿಕೊಂಡು ಒಂದು, ಎರಡು, ಮೂರು ಎಂದು ಮನಸ್ಸಿನಲ್ಲೇ ಎಣಿಸಿ ನೋಡಿ. ಮೈ ಪರಚಿಕೊಳ್ಳುವ ಹಾಗಾಗುತ್ತದೆ. ನಮ್ಮ ಶಾಲೆಗಳಲ್ಲಂತೂ ಮೌನವೆಂದರೆ ಪಾಠ ನಿಂತಿದೆ ಎಂದರ್ಥ. ಜಗಲಿಯಲ್ಲಿ ಎಚ್‌ಎಂ ಹಾದುಹೋಗುವಾಗ ಒಳಗಿನಿಂದ ಮಗ್ಗಿಯೋ ಪದ್ಯವೋ ಕೇಳಿಸುತ್ತಿದ್ದರೆ ಎಲ್ಲರಿಗೂ ನೆಮ್ಮದಿ.

ತುಮಕೂರು ಕಡೆಯ ಸರ್ಕಾರಿ ಶಾಲೆಯೊಂದರಲ್ಲಿ ಗಣಿತದ ಟೀಚರೊಬ್ಬರು ಇದಕ್ಕೆ ಕಂಡುಕೊಂಡ ಉಪಾಯ ನೋಡಿದೆ. ಕೈ ಎತ್ತುವುದನ್ನೇ ಅವರು ನಿಲ್ಲಿಸಿಬಿಟ್ಟಿದ್ದರು. ಐದನೇ ಕ್ಲಾಸಿನ ಎಲ್ಲರ ಹತ್ತಿರವೂ ಒಂದು ಸ್ಲೇಟು. ಪ್ರಶ್ನೆ ಕೇಳಿದ ಮೇಲೆ ಎಲ್ಲರೂ ಬರೆದು, ಸ್ಲೇಟನ್ನು ಎದೆಗೆ ಅವಚಿಕೊಂಡು ಕೂರಬೇಕು. ‘ತೋರ್ಸಿ’ ಎಂದಾಗ ಎಲ್ಲ ಸ್ಲೇಟುಗಳೂ ಒಟ್ಟಿಗೆ ತಿರುಗುತ್ತವೆ. ಟೀಚರ್ ಕಣ್ಣು ಒಮ್ಮೆ ಎಡದಿಂದ ಬಲಕ್ಕೆ ಓಡುತ್ತದೆ. ಕೂಗುವ ಹುಡುಗನ ಸ್ಲೇಟಿನಲ್ಲಿ ಉತ್ತರ ತಪ್ಪಿದೆ, ಕಿಟಕಿ ಪಕ್ಕದ ಮಾತಾಡದ ಹುಡುಗಿಯದು ಸರಿಯಿದೆ, ಹಿಂದಿನ ಸಾಲಿನ ಇಬ್ಬರದು ಒಂದೇ ತಪ್ಪು, ಅಂದರೆ ಒಬ್ಬ ಇನ್ನೊಬ್ಬನದನ್ನು ನೋಡಿದ್ದಾನೆ. ಆಮೇಲೆ ಅವರು ಆ ಹುಡುಗಿಯತ್ತ ತಿರುಗಿ, ‘ಇದು ಹ್ಯಾಗೆ ಬಂತು ಅಂತ ಪಕ್ಕದೋಳಿಗೆ ಹೇಳಮ್ಮ’ ಎಂದರು. ಇಡೀ ಕ್ಲಾಸಿಗೆ ಹೇಳು ಎನ್ನಲಿಲ್ಲ. ಪಕ್ಕದವಳಿಗೆ ಹೇಳಿದ್ದು ಮುಗಿದ ಮೇಲೆ, ಪಕ್ಕದವಳು ಎದ್ದು ಎಲ್ಲರಿಗೂ ಹೇಳಿದಳು. ಮೊದಲು ಒಬ್ಬರೇ ಯೋಚಿಸಿ, ಆಮೇಲೆ ಜೋಡಿಯಲ್ಲಿ ಮಾತಾಡಿ, ಕೊನೆಗೆ ಎಲ್ಲರೆದುರು ಹೇಳುವ ಈ ಕ್ರಮವನ್ನು ಮೇರಿಲ್ಯಾಂಡಿನ ಫ್ರಾಂಕ್ ಲೈಮನ್ 1981ರಲ್ಲಿ ಹೆಸರಿಟ್ಟು ಪ್ರಚಾರಕ್ಕೆ ತಂದರು. ಈ ಟೀಚರ್ ಆ ಹೆಸರು ಕೇಳಿರಲಿಲ್ಲ. ಬಳಪಕ್ಕೆ ದುಡ್ಡು ಸಾಲುವುದಿಲ್ಲ ಎಂಬುದಷ್ಟೇ ಅವರ ದೂರು.

ಇಲ್ಲೊಂದು ಎಚ್ಚರ ಬೇಕು, ಮತ್ತು ಇದು ಹೊರದೇಶದ ಪುಸ್ತಕಗಳಲ್ಲಿ ಅಷ್ಟಾಗಿ ಸಿಗದ ಎಚ್ಚರ. ನಮ್ಮ ಕ್ಲಾಸಿನಲ್ಲಿ ಮಾತಾಡದ ಮಗುವೆಲ್ಲ ಅಂತರ್ಮುಖಿಯಲ್ಲ. ತಾಂಡಾದಿಂದ ಬಂದ ಮಗು ಮನೆಯಲ್ಲಿ ಗೋರ್ ಬೋಲಿ ಆಡುತ್ತದೆ; ಶಾಲೆಯ ಕನ್ನಡ ಅದಕ್ಕೆ ಎರಡನೇ ಭಾಷೆ. ಕರಾವಳಿಯಲ್ಲಿ ತುಳು, ಬ್ಯಾರಿ, ಕೊಂಕಣಿಯ ಮನೆಗಳಿವೆ. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ರಾಯಚೂರು, ಕಲಬುರಗಿ ಕಡೆಯಿಂದ ಬಂದವರ ಮಕ್ಕಳು ‘ಹೌದ್ರಿ ಸರ’ ಎಂದೊಡನೆ ಕ್ಲಾಸು ಕಿಸಕ್ಕೆಂದರೆ, ಆಮೇಲೆ ಅವರು ಬಾಯಿ ಬಿಡುವುದು ಕಷ್ಟ. ದೊಡ್ಡವರ ಎದುರು ಹೆಣ್ಣುಮಗು ಮಾತಾಡಬಾರದೆಂದು ಮನೆಯಲ್ಲಿ ಕಲಿಸಿರುತ್ತಾರೆ. ಊಟಕ್ಕೆ ಕೂರುವಾಗ ಯಾರು ಯಾರ ಪಕ್ಕ ಕೂರುತ್ತಾರೆಂಬುದನ್ನು ಮಕ್ಕಳು ಪುಸ್ತಕಕ್ಕಿಂತ ಮೊದಲೇ ಓದಿಕೊಂಡಿರುತ್ತಾರೆ. ಇದನ್ನೆಲ್ಲ ‘ಅವನ ನೇಚರೇ ಹಾಗೆ’ ಎಂದು ವ್ಯಕ್ತಿತ್ವದ ಖಾತೆಗೆ ಬರೆದುಬಿಟ್ಟರೆ ನಮ್ಮ ಮೇಲಿನ ಹೊಣೆ ಇಳಿಯಿತು ಅಷ್ಟೇ.

ಇನ್ನೂ ಸರಳ ಕಾರಣಗಳಿರುತ್ತವೆ. ಬೋರ್ಡು ಕಾಣದ ಮಗು ಉತ್ತರ ಹೇಳುವುದಿಲ್ಲ. ಒಂದು ಕಿವಿ ಮಂದವಿರುವ ಮಗು ಹೇಳಿದ ಕೆಲಸ ಮಾಡುವುದಿಲ್ಲ, ‘ಹಟಮಾರಿ’ ಅನ್ನಿಸಿಕೊಳ್ಳುತ್ತದೆ. ಸ್ವಭಾವದ ಮಾತಿಗೆ ಮೊದಲು ಕಣ್ಣು, ಕಿವಿ, ಬೆಳಗಿನ ತಿಂಡಿ, ಈ ಮೂರನ್ನು ವಿಚಾರಿಸುವುದು ಒಳ್ಳೆಯದು.

ಪಾಠವನ್ನೇ ಬೇರೆ ಬೇರೆ ಮಕ್ಕಳಿಗೆ ಒಗ್ಗುವಂತೆ ಕಟ್ಟುವ ದೊಡ್ಡ ಪ್ರಯೋಗ ನಮ್ಮಲ್ಲೇ ನಡೆದಿದೆ. ನಲಿ-ಕಲಿ. ಆಂಧ್ರದ ಮದನಪಲ್ಲಿ ಹತ್ತಿರದ ರಿಷಿವ್ಯಾಲಿಯಲ್ಲಿ ಹಳ್ಳಿ ಶಾಲೆಗಳಿಗೆಂದು ರೂಪುಗೊಂಡಿದ್ದ ಕಾರ್ಡುಗಳ ಪದ್ಧತಿಯಿಂದ ಪ್ರೇರಣೆ ಪಡೆದು, 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಯುನಿಸೆಫ್ ನೆರವಿನಿಂದ ಇದನ್ನು ಕಟ್ಟಿದರು. 2009–10ರಲ್ಲಿ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ ಮೊದಲೆರಡು ತರಗತಿಗಳಿಗೆ, ಬಳಿಕ ಮೂರನೆಯದಕ್ಕೂ ಬಂತು. ಕಲಿಕಾ ಏಣಿ, ಅದರಲ್ಲಿ ಮೈಲಿಗಲ್ಲುಗಳು, ಪ್ರತಿ ಮೆಟ್ಟಿಲಿಗೊಂದು ಚಿತ್ರದ ಗುರುತಿನ ಕಾರ್ಡು. ಮಗು ತಾನೆಲ್ಲಿದ್ದೇನೆಂದು ಏಣಿಯಲ್ಲಿ ನೋಡಿ, ತನ್ನ ಕಾರ್ಡು ತಾನೇ ಎತ್ತಿಕೊಂಡು ಕೂರುತ್ತದೆ. ಶಿಕ್ಷಕರ ಪೂರ್ಣ ಬೆಂಬಲದ ಗುಂಪಿನಿಂದ ಹಿಡಿದು, ಗೆಳೆಯರ ಬೆಂಬಲದ ಗುಂಪು, ತಾನೇ ಕಲಿಯುವ ಗುಂಪಿನವರೆಗೆ ನೆಲದ ಮೇಲೆ ಐದು ಗುಂಪು.

ಇದನ್ನು ರೂಪಿಸಿದವರ ಕಣ್ಣಮುಂದಿದ್ದದ್ದು ವ್ಯಕ್ತಿತ್ವದ ಪ್ರಶ್ನೆಯಲ್ಲ. ಒಬ್ಬರೇ ಶಿಕ್ಷಕರು, ಎರಡು ಮೂರು ತರಗತಿ ಒಟ್ಟಿಗೆ, ಸುಗ್ಗಿ ಬಂದರೆ ಶಾಲೆ ಬಿಡುವ ಮಕ್ಕಳು, ಈ ಕಷ್ಟಗಳು. ಆದರೆ ಫಲ ಬೇರೆ ಕಡೆಗೂ ಹರಿಯಿತು. ನಾಚಿಕೆಯ ಮಗುವನ್ನು ಎಲ್ಲರೆದುರು ಎಬ್ಬಿಸಿ ನಿಲ್ಲಿಸುವ ಸಂದರ್ಭವೇ ಕಡಿಮೆಯಾಯಿತು. ಹದಿನೈದು ದಿನ ಅಜ್ಜಿ ಊರಿಗೆ ಹೋಗಿ ಬಂದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು, ‘ಪಾಠ ಮುಂದೆ ಹೋಯ್ತು’ ಎಂಬ ಗಾಬರಿಯಿಲ್ಲ. ಕಾಲು ನಿಲ್ಲದ ಮಗುವಿಗೆ ಎದ್ದು ಕಾರ್ಡು ತರುವ, ಇಡುವ, ಗುಂಪು ಬದಲಿಸುವ ಅವಕಾಶವಿದೆ. ಓಡಾಟವೇ ಪಾಠದ ಭಾಗ. ಮಾತಿನ ಮಲ್ಲಿ ಗೆಳೆಯರ ಬೆಂಬಲದ ಗುಂಪಿನಲ್ಲಿ ಕಿರಿಯರಿಗೆ ಹೇಳಿಕೊಡುತ್ತಾ ತನ್ನ ಬಾಯಿಗೆ ಕೆಲಸ ಕೊಡುತ್ತಾಳೆ.

ಹಾಗೆಂದು ಎಲ್ಲೆಡೆ ಹೀಗೇ ನಡೆಯುತ್ತದೆ ಎಂದೇನಲ್ಲ. ಶಿಕ್ಷಕರು ದಾಖಲೆ ತುಂಬುವುದರಲ್ಲೇ ಮುಳುಗಿದ್ದರೆ ಸ್ವಕಲಿಕೆಯ ಗುಂಪು ಗೋಡೆ ನೋಡುತ್ತಾ ಕೂತಿರುತ್ತದೆ. ಕಾರ್ಡು ಕಳೆದುಹೋದರೆ ಮೆಟ್ಟಿಲೇ ಇಲ್ಲ. ಎಲ್ಲಕ್ಕಿಂತ ದೊಡ್ಡ ಪೆಟ್ಟು ನಾಲ್ಕನೇ ತರಗತಿಯಲ್ಲಿ ಬೀಳುತ್ತದೆ. ನೆಲದಿಂದ ಬೆಂಚಿಗೆ, ಕಾರ್ಡಿನಿಂದ ಪಠ್ಯಪುಸ್ತಕಕ್ಕೆ, ತನ್ನ ವೇಗದಿಂದ ಕ್ಲಾಸಿನ ವೇಗಕ್ಕೆ ಮಗು ಒಂದೇ ಜೂನ್ ತಿಂಗಳಲ್ಲಿ ಜಿಗಿಯಬೇಕು. ನಿಧಾನಕ್ಕೆ ಹೊಂದಿಕೊಳ್ಳುವ ಆ 15 ಶೇಕಡಾ ಮಕ್ಕಳನ್ನು ನೆನಪಿಟ್ಟುಕೊಂಡು ಯೋಚಿಸಿದರೆ, ಇದಕ್ಕಿಂತ ಕಷ್ಟದ ಏರ್ಪಾಡು ಮಾಡಲಾಗದು. ನಾಲ್ಕನೇ ತರಗತಿಯ ಮೊದಲ ಎರಡು ತಿಂಗಳಾದರೂ ಗುಂಪು, ಕಾರ್ಡು ಉಳಿಸಿಕೊಳ್ಳಬಾರದೇ ಎಂದು ಸಮಾಲೋಚನಾ ಸಭೆಯಲ್ಲಿ ಕೇಳಿದರೆ ‘ಪೋರ್ಶನ್ ಯಾರು ಮುಗಿಸ್ತಾರೆ ಸಾರ್’ ಎಂಬ ಉತ್ತರ ಬರುತ್ತದೆ. ಅದೂ ಸುಳ್ಳಲ್ಲ.

ಸ್ವಭಾವವನ್ನೇ ನೇರವಾಗಿ ಎದುರಿಗಿಟ್ಟುಕೊಂಡ ಪ್ರಯೋಗ ನ್ಯೂಯಾರ್ಕಿನದು. ಸ್ಯಾಂಡಿ ಮ್ಯಾಕ್ಲೌರಿ ರೂಪಿಸಿದ ‘ಇನ್‌ಸೈಟ್ಸ್’ ಕಾರ್ಯಕ್ರಮದಲ್ಲಿ ನಾಲ್ಕು ಗೊಂಬೆಗಳಿವೆ: ಸ್ನೇಹದ ಫ್ರೆಡ್ರಿಕೊ, ಹುಷಾರಿನ ಕೊರೆಟ್ಟಾ, ಶ್ರಮದ ಹಿಲರಿ, ಸಿಡುಕಿನ ಗ್ರೆಗರಿ. ಕೊರೆಟ್ಟಾಗೆ ಯಾವುದು ಸುಲಭ, ಯಾವುದು ಕಷ್ಟ ಎಂದು ಮಕ್ಕಳು ಗೊಂಬೆಯ ಸಮಸ್ಯೆ ಬಿಡಿಸುತ್ತಾರೆ. ಅತ್ತ ಶಿಕ್ಷಕರಿಗೂ ಪಾಲಕರಿಗೂ ಬೇರೆ ತರಬೇತಿ. ಬಡವರ ಬಡಾವಣೆಗಳ 22 ಪ್ರಾಥಮಿಕ ಶಾಲೆಗಳಲ್ಲಿ ಇದನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಹೆಚ್ಚು ಲಾಭವಾದದ್ದು ನಾಚಿಕೆಯ ಮಕ್ಕಳಿಗೆ. ವಿಚಾರಶಕ್ತಿಯಲ್ಲೂ ಗಣಿತದಲ್ಲೂ ಅವರು ಕಾರ್ಯಕ್ರಮವಿಲ್ಲದ ಶಾಲೆಗಳ ತಮ್ಮಂಥ ಮಕ್ಕಳಿಗಿಂತ ಮುಂದಿದ್ದರು. ನಾಲ್ಕು ಗೊಂಬೆ ಎಂದರೆ ಮತ್ತೆ ನಾಲ್ಕು ಟೈಪೇ ಅಲ್ಲವೇ ಎಂದು ಕೇಳಬಹುದು. ಇಲ್ಲಿ ಹೆಸರು ಅಂಟುವುದು ಗೊಂಬೆಗೆ. ಯಾವ ಮಗುವೂ ‘ನೀನು ಗ್ರೆಗರಿ’ ಅನ್ನಿಸಿಕೊಳ್ಳಬೇಕಾಗಿಲ್ಲ.

ಗುಂಪು ಚಟುವಟಿಕೆಯ ಬಗ್ಗೆಯೂ ಒಂದು ಮಾತು. ‘ಐದೈದು ಜನ ಸೇರಿ ಚಾರ್ಟ್ ಮಾಡಿ’ ಎಂದರೆ ಏನಾಗುತ್ತದೆಂದು ಎಲ್ಲ ಶಿಕ್ಷಕರಿಗೂ ಗೊತ್ತು. ಬಾಯಿ ಜೋರಿರುವವನು ಲೀಡರ್. ಅಕ್ಷರ ದುಂಡಗಿರುವ ಹುಡುಗಿ ಎಲ್ಲವನ್ನೂ ಬರೆಯುತ್ತಾಳೆ. ಒಬ್ಬ ಸ್ಕೆಚ್ ಪೆನ್ ಮುಚ್ಚಳ ಹಿಡಿದಿರುತ್ತಾನೆ. ಉಳಿದಿಬ್ಬರು ಪ್ರೇಕ್ಷಕರು. ಎಲಿಯಟ್ ಅರಾನ್ಸನ್ 1971ರಲ್ಲಿ ಟೆಕ್ಸಾಸಿನ ಆಸ್ಟಿನ್‌ನಲ್ಲಿ, ಬಿಳಿಯ, ಕರಿಯ ಮಕ್ಕಳನ್ನು ಒಂದೇ ಶಾಲೆಗೆ ತಂದು ಜಗಳ ಭುಗಿಲೆದ್ದಿದ್ದ ಹೊತ್ತಿನಲ್ಲಿ, ಇದಕ್ಕೊಂದು ಮದ್ದು ಕಂಡುಹಿಡಿದರು. ಪಾಠವನ್ನು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ತುಂಡು ಮಾತ್ರ ಕೊಡುವುದು. ವಿಜಯನಗರದ ಪಾಠವಾದರೆ ಸಂಗಮ, ಸಾಳುವ, ತುಳುವ, ಅರವೀಡು ಎಂಬ ನಾಲ್ಕು ವಂಶ, ನಾಲ್ಕು ಮಕ್ಕಳು. ತುಳುವರ ತುಂಡು ಸಿಕ್ಕವಳು ಎಷ್ಟೇ ಮೆಲ್ಲಗೆ ಮಾತಾಡಲಿ, ಕೃಷ್ಣದೇವರಾಯ ಬೇಕೆಂದರೆ ಉಳಿದ ಮೂವರು ಅವಳ ಮಾತಿಗೆ ಕಿವಿ ಕೊಡಲೇಬೇಕು. ಒಪ್ಪಿಸುವ ಮೊದಲು, ಬೇರೆ ಗುಂಪುಗಳಲ್ಲಿ ಅದೇ ತುಂಡು ಸಿಕ್ಕವರ ಜೊತೆ ಕೂತು ತಯಾರಾಗುವ ಅವಕಾಶವೂ ಅವಳಿಗಿದೆ.

ನಾಚಿಕೆಯ ಮಗುವನ್ನು ಅದರ ಪಾಡಿಗೆ ಬಿಡಿ ಎಂದು ಇದರರ್ಥವಲ್ಲ. ಪಿಯುಸಿಯ ಪ್ರಾಯೋಗಿಕ ಪರೀಕ್ಷೆಯಲ್ಲಿ ವೈವಾ ಇದೆ, ನಾಳೆ ಇಂಟರ್‌ವ್ಯೂ ಇದೆ, ಪಂಚಾಯಿತಿ ಕಚೇರಿಯಲ್ಲಿ ಗಟ್ಟಿಯಾಗಿ ಕೇಳಬೇಕಾದ ಕೆಲಸವಿದೆ. ಮಾತು ಕಲಿಸಲೇಬೇಕು, ಮೆಟ್ಟಿಲು ಮೆಟ್ಟಿಲಾಗಿ: ಮೊದಲು ಪಕ್ಕದವರಿಗೆ, ಆಮೇಲೆ ಗುಂಪಿಗೆ, ಆಮೇಲೆ ಕೂತಲ್ಲಿಂದಲೇ ಕ್ಲಾಸಿಗೆ, ಕೊನೆಗೆ ಮುಂದೆ ನಿಂತು. ‘ನಾಳೆ ನಿನ್ನನ್ನು ಈ ಪ್ರಶ್ನೆ ಕೇಳ್ತೀನಿ’ ಎಂದು ಹಿಂದಿನ ದಿನವೇ ಹೇಳಿಟ್ಟರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ. ಹಾಗೆಯೇ ವಾಚಾಳಿಗೆ ಕಾಯುವುದನ್ನು ಕಲಿಸಬೇಕು. ‘ಅವಳು ಹೇಳಿದ್ದನ್ನು ನಿನ್ನ ಮಾತಲ್ಲಿ ಹೇಳು, ಆಮೇಲೆ ನಿಂದು’ ಎಂಬ ಒಂದೇ ನಿಯಮ ಸಾಕಷ್ಟು ಕೆಲಸ ಮಾಡುತ್ತದೆ.

ಕ್ಲಾಸಿನಲ್ಲಿ ಇನ್ನೂ ಒಂದು ಸ್ವಭಾವ ಇರುತ್ತದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ: ಶಿಕ್ಷಕರದು. ಮಾತುಗಾರ ಮೇಷ್ಟ್ರಿಗೆ ಮಾತುಗಾರ ಮಕ್ಕಳೇ ಕಾಣುತ್ತಾರೆ. ಅಚ್ಚುಕಟ್ಟಿನ ಟೀಚರಿಗೆ ಚಿತ್ತು ಮಾಡುವವನು ಕಣ್ಣಿನ ಕಸ. ತರಬೇತಿಗಳಲ್ಲೂ ಒಂದೇ ಬಗೆಯ ಶಿಕ್ಷಕರಿಗೆ ಚಪ್ಪಾಳೆ: ಹಾಡಬೇಕು, ಕುಣಿಯಬೇಕು, ಅಭಿನಯಿಸಬೇಕು. ಮೆತ್ತಗಿನ ದನಿಯಲ್ಲಿ, ಕೂತಲ್ಲಿಗೇ ಬಂದು, ನೋಟ್‌ಬುಕ್ ನೋಡಿ ತಿದ್ದುವ ಶಿಕ್ಷಕಿ ಅಲ್ಲಿ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿರುತ್ತಾರೆ, ತಮ್ಮ ಕ್ಲಾಸಿನ ಕೆಲವು ಮಕ್ಕಳ ಹಾಗೆಯೇ.

ಶಿಕ್ಷಣ ಹಕ್ಕು ಕಾಯ್ದೆ ಐದನೇ ತರಗತಿಯವರೆಗೆ 30 ಮಕ್ಕಳಿಗೊಬ್ಬರು, ಎಂಟರವರೆಗೆ 35ಕ್ಕೊಬ್ಬರು ಶಿಕ್ಷಕರೆಂದು ಹೇಳುತ್ತದೆ. ನಗರದ ಖಾಸಗಿ ಶಾಲೆಗಳ ಸೆಕ್ಷನ್ನುಗಳಲ್ಲಿ 50, 60 ಮಕ್ಕಳು ತುಂಬಿರುವುದೂ ಇದೆ. ಒಬ್ಬೊಬ್ಬರಿಗೂ ಬೇರೆ ಪಾಠ ಯೋಜನೆ ಬರೆಯಿರಿ ಎನ್ನುವುದು ಅಂಥಲ್ಲಿ ಕ್ರೌರ್ಯ. ಸ್ಲೇಟು, ಮೂರು ಸೆಕೆಂಡು, ಜೋಡಿ ಮಾತು, ಅರ್ಧ ಬಿಡಿಸಿದ ಲೆಕ್ಕ, ಇವಕ್ಕೆ ಮಕ್ಕಳ ಸಂಖ್ಯೆ ಅಡ್ಡಿಯಾಗುವುದಿಲ್ಲ. ಹೆಚ್ಚು ಮಕ್ಕಳಿದ್ದಷ್ಟೂ ಇವುಗಳ ಅಗತ್ಯವೇ ಹೆಚ್ಚು.

ಏಪ್ರಿಲ್‌ನಲ್ಲಿ ಫಲಿತಾಂಶ ಬರೆಯುವಾಗ ಪ್ರಗತಿ ಪತ್ರದ ಷರಾ ಕಾಲಮ್ಮಿಗೆ ಎರಡೇ ಪದದ ಜಾಗವಿರುತ್ತದೆ. ‘ಚುರುಕಾಗಬೇಕು’, ‘ಗಮನ ಸಾಲದು’, ‘ಮೌನಿ’. ಜೂನ್‌ನಲ್ಲಿ ಹೊಸ ಶಿಕ್ಷಕರ ಕೈಗೆ ಸಿಗುವುದು ಇಷ್ಟೇ. ಇದರ ಬದಲು ಹಳೆಯ ಶಿಕ್ಷಕಿ ಒಂದು ಹಾಳೆಯಲ್ಲಿ ಹೀಗೆ ಬರೆದುಕೊಡಬಹುದು: ‘ಬಾಯಲ್ಲಿ ಕೇಳಿದರೆ ಹೇಳುವುದಿಲ್ಲ, ಮೊದಲು ಬರೆಸಿ, ಆಮೇಲೆ ಕೇಳಿದರೆ ಪೂರ್ತಿ ಹೇಳುತ್ತಾಳೆ.’ ‘ಮೊದಲ ಉತ್ತರ ಯಾವಾಗಲೂ ಅವಸರದ್ದು, ಎರಡನೆಯದನ್ನು ನೋಡಿ.’ ‘ಹೊಸ ಪಾಠದ ದಿನ ಏನೂ ಮಾಡುವುದಿಲ್ಲ, ಮೂರನೇ ದಿನ ಎಲ್ಲರಿಗಿಂತ ಮುಂದಿರುತ್ತಾನೆ; ಮೊದಲ ದಿನ ಬೈಯಬೇಡಿ.’ ‘ಎಡಗಡೆ ಕೂರಿಸಿ, ಬಲಗಿವಿ ಚೆನ್ನಾಗಿ ಕೇಳುತ್ತದೆ.’